ಹನ್ನೆರಡು ಕಡ್ಡಿ

ಮಾರ್ಚ್ ತಿಂಗಳ ಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ,
ಬೆರಳು ಸಡಿಲಿಸಿದರೆ ಉದುರುತ್ತದೆ. ಸರಿ, ಇವತ್ತೇ ಆಗಬೇಕು.
ಒದ್ದೆ ಗೋಣಿಯಲ್ಲಿ ಹನ್ನೆರಡು ರಾಸ್ಪ್‌ಬೆರಿ ಕಡ್ಡಿ.
ನೋಡಿದರೆ ಒಲೆಗೆ ಹಾಕುವ ಪುರಳೆಯ ಹಾಗೆ;
ಬುಡದಲ್ಲಿ ಮಾತ್ರ ಒಂದೊಂದು ಬಿಳಿ ಮೊಳಕೆ,
ಮಗುವಿನ ವಸಡಲ್ಲಿ ಹಲ್ಲು ಇಣುಕಿದಂತೆ.

ಅರಿಲ್ಯೆಯ ಶೀತಲಗೃಹದಲ್ಲಿ ಇಪ್ಪತ್ತೆರಡು ಬೇಸಿಗೆ
ಬೇರೆಯವರ ಹಣ್ಣು ಆರಿಸಿದವಳು ನಾನು, ವಿದೋಸಾವಾ.
ಟ್ಯೂಬ್‌ಲೈಟಿನ ಕೆಳಗೆ, ಎರಡು ಜೊತೆ ಕೈಗವಸು ಹಾಕಿಕೊಂಡು,
ಓಡುವ ಪಟ್ಟಿಯ ಮುಂದೆ: ಇಡಿಯದು ಇತ್ತ, ಮುರಿದದ್ದು ಅತ್ತ,
ಎಲೆ, ಹುಳು, ಒಮ್ಮೆ ಯಾರದೋ ಉಂಗುರ.
ಹಣ್ಣು ಗೋಲಿಯ ಹಾಗೆ ಕಲ್ಲಾಗಿರುತ್ತಿತ್ತು. ವಾಸನೆಯೇ ಇಲ್ಲ.
ರಾತ್ರಿ ಒಲೆಯ ಮೇಲೆ ಒಣಹಾಕಿದ ಕೈಗವಸು ಮಾತ್ರ
ಜಾಮಿನ ಘಮ ಬಿಡುತ್ತಿತ್ತು.
ಈ ಗಿಡ ಮನೆಗೆ ಬೇಡವೆಂದು ಆಣೆಯಿಟ್ಟಿದ್ದೆ.
ಈಗ ಬೆಲೆ ಬಿತ್ತೆಂದು ಮೇಸ್ತ್ರಿಯ ಮಗ ಹೊಲವನ್ನೇ ಕಿತ್ತ;
ಗೋಣಿ ತಂದು ಬಾಗಿಲಲ್ಲಿಟ್ಟು ಹೋದ, ಕಾಫಿಗೂ ನಿಲ್ಲದೆ.

ಎಲ್ಲಿ ನೆಡುವುದು?
"ಎಲ್ಲಾದರೂ ಊರು, ಕಡ್ಡಿ ತಾನೆ," ಕಿಟಕಿಯಿಂದ ರಾದೊವಾನ್.
ಮದುವೆಗೂ ಅವನು ಹೀಗೆಯೇ ಒಪ್ಪಿದ್ದು.

ಬಾವಿಯ ಪಕ್ಕ? ನೀರು ಹೊರುವ ಕೆಲಸ ತಪ್ಪುತ್ತದೆ.
ಆದರೆ ಹಿಮ ಕರಗಿದ ವಾರ ಅಲ್ಲಿ ಬಾತುಕೋಳಿಗಳಿಗೆ ಹಬ್ಬ;
ಈ ಗಿಡಕ್ಕೆ ಬಾಯಾರಿಕೆ ಹೆಚ್ಚು, ಕಾಲು ನೆನೆದೇ ಇದ್ದರೆ ಕೊಳೆಯುತ್ತದೆ.
ಅಕ್ರೋಟಿನ ಕೆಳಗೆ? ಆ ಮರ ಯಾರಿಗೂ ಬಿಸಿಲು ಬಿಟ್ಟುಕೊಟ್ಟದ್ದಿಲ್ಲ,
ನಮ್ಮತ್ತೆಯ ಹಾಗೆ. ಸತ್ತವರ ಬಗ್ಗೆ ಇಷ್ಟು ಸಾಕು.
ಆಲೂಗಡ್ಡೆಯ ಪಾತಿ ಹದವಾಗಿದೆ, ಗುದ್ದಲಿಗೆ ಬೆಣ್ಣೆ,
ಆದರೆ ಆಲೂ ಬಿಟ್ಟುಹೋದ ರೋಗ ಮಣ್ಣಲ್ಲೇ ಮಲಗಿರುತ್ತದೆ
ಹೊಸ ಬಾಡಿಗೆಯವರು ಬರಲಿ ಎಂದು.
ದಕ್ಷಿಣದ ಗೋಡೆಗೆ ರಾದೊವಾನನ ಹಳೆಯ ಕಾರು ಒರಗಿದೆ;
ಚಕ್ರವಿಲ್ಲ, ಮಾರುವುದೂ ಇಲ್ಲ, ಒಳಗೆ ಕೋಳಿ ಮೊಟ್ಟೆಯಿಡುತ್ತದೆ.

ಉಳಿದದ್ದು ಬೇಲಿ.

ಬೇಲಿಯ ಬದಿ ಸಂಜೆ ಐದರ ತನಕ ಬಿಸಿಲು,
ನೀರು ತಾನಾಗಿ ಇಳಿದುಹೋಗುವ ಓರೆ ನೆಲ.
ಬೇಲಿಯಾಚೆ ದ್ರಾಗಿಷಾ.
ಒಂದು ಗೇಣು ಜಾಗಕ್ಕೆ ಒಂಬತ್ತು ವರ್ಷ ಮಾತಿಲ್ಲ.
ಅವನು ಕಂಬ ಸರಿಸಿದ ಎನ್ನುತ್ತೇನೆ ನಾನು,
ಕಂಬ ತಾನೇ ವಾಲಿತು ಎನ್ನುತ್ತಾನಂತೆ ಅವನು.
ಅವನ ಹೆಂಡತಿಯ ಮಣ್ಣಿಗೆ ಹೋದೆ, ಹಿಂದಿನ ಸಾಲಲ್ಲಿ ನಿಂತು ಬಂದೆ.

ಈ ಗಿಡವೋ, ಮೇಲೆ ನೆಟ್ಟಗೆ ನಿಂತಿರುತ್ತದೆ
ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ;
ಕೆಳಗೆ ಬೇರು ಕಳ್ಳದಾರಿ ಹಿಡಿದು
ಮೂರನೇ ವರ್ಷ ಪಕ್ಕದವರ ಟೊಮೆಟೊ ನಡುವೆ ತಲೆಯೆತ್ತುತ್ತದೆ.
ಆಗ ಹಣ್ಣು ಯಾರದು?
ಹಣ್ಣು ಬಿಟ್ಟ ಕಡ್ಡಿ ಆ ವರ್ಷವೇ ಸಾಯುತ್ತದೆ,
ಮುಂದಿನ ವರ್ಷದ್ದು ಅದರ ಮಗ್ಗುಲಲ್ಲೇ ಹಸಿರಾಗಿ ನಿಂತು
ನೋಡುತ್ತಿರುತ್ತದೆ.
ನನಗೆ ಅರವತ್ತೇಳು. ಲೆಕ್ಕ ಹಾಕಲು ಹೋದೆ, ಬಿಟ್ಟೆ.

ಬೇಲಿಯಿಂದ ಒಂದು ಮಾರು ಈಚೆಗೆ ಹಗ್ಗ ಎಳೆದು ಕಟ್ಟಿದೆ.
ಒಂದು, ಎರಡು. ಮೂರನೆಯ ಗುಂಡಿಗೆ ಬಗ್ಗಿದಾಗ
ಆಚೆ ಕತ್ತರಿಯ ಸದ್ದು ನಿಂತಿತು.
ಪ್ಲಮ್ ಮರಕ್ಕೆ ಹೇಳಿದ ಹಾಗೆ ಒಂದು ದನಿ:
"ಅಷ್ಟು ಆಳ ಬೇಡ. ಬೇರಿನ ಮೇಲೆ ಎರಡು ಬೆರಳು ಸಾಕು."

ಉತ್ತರ ಕೊಡಲಿಲ್ಲ ನಾನು.
ನೆಟ್ಟ ಎರಡನ್ನೂ ಕಿತ್ತು, ಮೇಲೆತ್ತಿ, ಮತ್ತೆ ನೆಟ್ಟೆ,
ನಿಧಾನವಾಗಿ, ಅವನಿಗೆ ಕಾಣುವ ಹಾಗೆ.

ಹನ್ನೊಂದು ಸಾಲಲ್ಲಿ ನಿಂತವು.
ಹನ್ನೆರಡನೆಯದನ್ನು ಬಾವಿಯ ಪಕ್ಕವೇ ಊರಿ ಬಂದೆ.
ಬದುಕಲಿಕ್ಕಿಲ್ಲ. ಆದರೂ
ನನ್ನದೂ ಒಂದು ಹಟ ಇರಲಿ.