ಕಬ್ಬಿಣದ ಲೆಕ್ಕ

ಆ ಶಾಲೆಗೆ ನಾನು ತಕ್ಕಡಿ ಹೊತ್ತು ಹೋದದ್ದು ಮಾರ್ಚಿನಲ್ಲಿ,
ಕೂಟ್ನಿ ನದಿಯಂಚಿನ ಹಿಮ ಬಿರಿಯುತ್ತಿದ್ದ ವಾರ.
ದುಖೊಬೋರರ ಮಕ್ಕಳು ಬೂಟು ಕಳಚಿ ಸಾಲಾಗಿ ನಿಂತರು,
ಕಾಲುಚೀಲದ ತೂತಿನಿಂದ ಹೆಬ್ಬೆರಳುಗಳೂ ಇಣುಕಿ ನೋಡಿದವು
ಸರ್ಕಾರ ಕಳಿಸಿದ ನರ್ಸಮ್ಮನನ್ನು.

ನನ್ನ ಅಚ್ಚಿನ ಹಾಳೆಯಲ್ಲೊಂದು ಪ್ರಶ್ನೆ:
ವಾರಕ್ಕೆ ಮಾಂಸ, ಎಷ್ಟು ಸಲ?
ಸೊನ್ನೆ. ಸೊನ್ನೆ. ಸೊನ್ನೆ.
ನಲವತ್ತೊಂದು ಸೊನ್ನೆ ಸುತ್ತಿ ಬೆರಳು ನೊಂದಿತು.
"ಕಣ್ಣಿರುವುದನ್ನು ನಾವು ತಿನ್ನುವುದಿಲ್ಲ" ಎಂದ ಒಬ್ಬ ಪೋರ.
"ಆಲೂಗಡ್ಡೆಗೂ ಕಣ್ಣಿದೆಯಲ್ಲೋ" ಎಂದೆ.
ಅವನು ನಗಲಿಲ್ಲ. ಯೋಚಿಸುತ್ತ ನಿಂತ,
ಪಾಪ, ಮಧ್ಯಾಹ್ನದ ಊಟಕ್ಕೆ ಅದೇ ಇತ್ತು.

ತಕ್ಕಡಿ ಮಾತ್ರ ನನ್ನ ಪಕ್ಷ ವಹಿಸಲೊಲ್ಲದು.
ಎಲ್ಲರೂ ಗುಂಡುಕಲ್ಲಿನಂತಿದ್ದರು,
ಕೆನೆ ಸುರಿದ ಕೋಸಿನ ಸಾರು ಕುಡಿದು ಕೆನ್ನೆ ಕೆಂಪೇರಿ.
ಒಬ್ಬಳ ಹೊರತು. ಮಲಾಶಾ ಕಲ್ಮಕೋವ, ಏಳು ವರ್ಷ.
ಕೆಳರೆಪ್ಪೆ ಎಳೆದು ನೋಡಿದೆ:
ಕುದಿಸಿ ಆರಿಸಿದ ಬಟ್ಟೆಯ ಬಿಳುಪು.
ನಿಜ ಹೇಳಿಬಿಡುತ್ತೇನೆ, ನನಗೆ ಖುಷಿಯಾಯಿತು.

ನನ್ನ ಕಾರು ಕಂಡದ್ದೇ ಬೀದಿಯ ಬಾಗಿಲುಗಳು ಮುಚ್ಚಿಕೊಂಡವು.
ಆ ವರ್ಷಗಳಲ್ಲಿ ಸರ್ಕಾರದ ಕಾರು ಬಂದರೆ
ಅಲ್ಲಿನವರು ಮೊದಲು ಮಕ್ಕಳನ್ನು ಎಣಿಸಿಕೊಳ್ಳುತ್ತಿದ್ದರು.
ಅಜ್ಜಿ ಫೆದೋಸ್ಯಾ ಮಾತ್ರ ಮೆಟ್ಟಿಲ ಮೇಲೆಯೇ ಕೂತು
ಅವರೆಯಂಥದೇನೋ ಸುಲಿಯುತ್ತಿದ್ದಳು.
ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು.
ನಡುವೆ ಮಲಾಶಾ, ತನ್ನ ಕಾಯಿಲೆಗೆ ತಾನೇ ದುಭಾಷಿ.

"ಕರುವಿನ ಲಿವರ್ ಬೇಯಿಸಿ ಕೊಡಲಿ, ವಾರಕ್ಕೆರಡು ಸಲ."
ಹುಡುಗಿ ಸುಮ್ಮನಿದ್ದಳು.
"ಹೇಳಮ್ಮ."
"ಆ ಮಾತು ನಮ್ಮ ಭಾಷೆಯಲ್ಲಿಲ್ಲ."
ಇತ್ತು. ಇದೆಯೆಂದು ಇಬ್ಬರಿಗೂ ಗೊತ್ತಿತ್ತು.
"ಹಾಗಾದರೆ ಹೇಳು, ನಿನ್ನ ರಕ್ತಕ್ಕೆ ಕಬ್ಬಿಣ ಸಾಲದು."

ಅದನ್ನು ಹೇಳಿದಳು. ಮುದುಕಿ ಕಾಳಿನ ಮೊರ ಪಕ್ಕಕ್ಕಿಟ್ಟು
ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು,
ಆಮೇಲೆ ನಗದೆ ಹೇಳಿದಳು:

"ಎಂಟು ವರ್ಷ ನನಗೆ. ಕಾಕಸಸ್ಸಿನ ಬೆಟ್ಟದ ಬುಡ.
ಅಪ್ಪ ಬಂದೂಕು ತಂದ, ಅಜ್ಜ ಕತ್ತಿ ತಂದ,
ಕೊಲ್ಲುವ ಕಬ್ಬಿಣವನ್ನೆಲ್ಲ ರಾಶಿ ಹಾಕಿ
ಸೀಮೆಎಣ್ಣೆ ಸುರಿದು ಸುಟ್ಟು ಸುತ್ತ ನಿಂತು ಹಾಡಿದೆವು.
ಕೊಸಾಕರ ಚಾವಟಿ ಅಮ್ಮನ ಬೆನ್ನಿಗೆ ಬಿತ್ತು, ಹಾಡು ನಿಲ್ಲಲಿಲ್ಲ.
ಅಷ್ಟು ಕಬ್ಬಿಣ ಬಿಟ್ಟು ಸಮುದ್ರ ದಾಟಿ ಬಂದವರನ್ನು
ಈಗ ನೀನು, ಹುಡುಗಿ, ಕಬ್ಬಿಣ ಕೇಳುತ್ತೀಯ!"

ಎದ್ದು ಒಳಗೆ ಹೋದಳು. ಏನೋ ಉರುಳಿದ ಸದ್ದು.
ಗರಗಸದ ಮಿಲ್ಲಿನ ಮಗ ಹೊಳೆಯುವ ಅಲ್ಯೂಮಿನಿಯಂ ತಂದಂದಿನಿಂದ
ಒಲೆಯ ಹಿಂದೆ ಬಿದ್ದಿದ್ದ ಬೀಡಿನ ಕಡಾಯಿ,
ಮಸಿ ಹಿಡಿದು, ಕುರಿಮರಿಯಷ್ಟು ಭಾರ.
ಅದಕ್ಕೆ ಕಾಳು, ಕೆಂಪು ಬೀಟಿನ ಸೊಪ್ಪು,
ಪೀಪಾಯಿಯಿಂದ ಹುಳಿ ಬಂದ ಕೋಸು, ಒಣಗಿದ ಪ್ಲಮ್ಮು.
"ಇದರಿಂದ ಯಾರನ್ನೂ ಕೊಂದಿಲ್ಲ" ಎಂದು
ಸೌಟಿನಿಂದ ಅಂಚಿಗೆ ಬಡಿದು ತೋರಿಸಿದಳು.

ನಾನೂ ನನ್ನ ಹನಿಮದ್ದಿನ ಸೀಸೆ ಮೇಜಿನ ಮೇಲಿಟ್ಟೆ.
ಅವಳು ಬೇಡವೆನ್ನಲಿಲ್ಲ. ಮೂಸಿ ನೋಡಿ ಮುಖ ಕಿವುಚಿದಳು ಅಷ್ಟೆ.
ಬೇಸಿಗೆಯುದ್ದಕ್ಕೂ ಮಲಾಶಾಳ ಹಲ್ಲು ಕಪ್ಪಾಗಿತ್ತಂತೆ.

ಸೆಪ್ಟೆಂಬರಿನಲ್ಲಿ ರೆಪ್ಪೆ ಎಳೆದರೆ ದಾಳಿಂಬೆ.
ಕಡಾಯಿಯೋ, ಸೀಸೆಯೋ, ಸುಮ್ಮನೆ ಬಿಸಿಲೋ,
ನನಗಿನ್ನೂ ತಿಳಿಯದು.
ಹಾಳೆಯಲ್ಲಿ ಅದೇ ಪ್ರಶ್ನೆ, ಅದೇ ಸೊನ್ನೆ;
ಅದರ ಕೆಳಗೆ, ಜಾಗವಿಲ್ಲದಲ್ಲಿ, ಸಣ್ಣಗೆ ಬರೆದೆ: ಬೀಡಿನ ಕಡಾಯಿ.
ಮೇಲಿನವರು ತಪ್ಪೆಂದು ಹೊಡೆದುಹಾಕಿರಬೇಕು.

ತಕ್ಕಡಿ ಹತ್ತುವ ಮುಂಚೆ ಮಲಾಶಾ
ಎರಡೂ ಜೇಬು ಬರಿದು ಮಾಡಿ
ಸೂರ್ಯಕಾಂತಿ ಬೀಜ ನನ್ನ ಅಂಗೈಗೆ ಸುರಿದಳು:
"ಹಿಡಿದುಕೊಂಡಿರಿ. ಇವು ಇನ್ನೂ ನಾನಾಗಿಲ್ಲ."