ನಿಮಿಷಕ್ಕೆ ಮೂವತ್ತಮೂರು ಸುತ್ತು

ಪಾರ್ಸೆಲ್ಲು ಬಂದದ್ದು ನನ್ನ ಅಂಗಡಿಗೆ.
ಕಿಟ್ವೆಯ ಈ ಗಣಿಕೇರಿಯಲ್ಲಿ ಇನ್ನೂ ತಿರುಗುವ ರೆಕಾರ್ಡ್ ಪ್ಲೇಯರ್
ಇರುವುದು ನನ್ನೊಬ್ಬನ ಹತ್ತಿರ,
ಅದೂ ಯಾರೋ ರಿಪೇರಿಗೆ ಕೊಟ್ಟು
ಮರೆತು, ಸತ್ತು, ನನಗುಳಿದದ್ದು.

ಥರ್ಡ್ ಶಿಫ್ಟ್ ಸೈರನ್ಸ್. ಹೊಸ ತಟ್ಟೆ.
ಹಿಂದಿನದಕ್ಕೂ ಇದಕ್ಕೂ ನಡುವೆ
ನಲವತ್ತೊಂಬತ್ತು ವರ್ಷ,
ನೋಟಿನಿಂದ ಮೂರು ಸೊನ್ನೆ ಉದುರಿದ್ದು,
ಗಣಿ ಎಷ್ಟೋ ಸಲ ಕೈ ಬದಲಾದದ್ದು,
ಹಾಡುತ್ತಿದ್ದ ಬೋನಿಫೇಸ್ ಇಲ್ಲವಾದದ್ದು.

ರೆಕಾರ್ಡಿಂಗು ಗಣಿಯ ಹಳೇ ಕ್ಲಬ್ಬಿನಲ್ಲಿ,
ರಾತ್ರಿ ಒಂದರಿಂದ ನಾಲ್ಕು.
ಲೋಡ್‌ಶೆಡ್ಡಿಂಗ್ ಬಿಟ್ಟುಕೊಟ್ಟದ್ದು ಅಷ್ಟೇ.
ವೆಡ್ಸನ್ ಸಿಂಕಾಲನ ಗಿಟಾರು ಗೊರಗೊರ ಅನ್ನುವುದಿದೆಯಲ್ಲ,
ಅದರ ಡಬ್ಬಿ ನಾನೇ ಬೆಸೆದದ್ದು, ಎಪ್ಪತ್ತೈದರಲ್ಲಿ,
ಸಾರ್ಡೀನು ತಿಂದು ತೊಳೆದ ತಗಡಿನಲ್ಲಿ.
ಈಗ ಬಿಚ್ಚಿದರೆ ಒಳಗೆ ಜಿರಲೆಯ ಸಂಸಾರ.
ಊದಿ, ಒರೆಸಿ, ತಂತಿ ಮುಟ್ಟಿಸಿದೆ:
ಅದೇ ಕೆಮ್ಮು. ಅದೇ ಕಲ್ಲೆಸೆದ ಹೆಜ್ಜೇನು.

"ಆವತ್ತಿನ ಹಾಗೇ ಕೇಳಿಸಬೇಕು"
ಎಂದಿತ್ತು ಜರ್ಮನಿಯ ಕಂಪೆನಿ.
ಎವರಿಸ್ಟೊ ಹೂಂ ಅಂದ.
ಅವನ ಬಲಮಂಡಿಯನ್ನು ಯಾರೂ ಕೇಳಲಿಲ್ಲ.
ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ ಈಗ ಅವನ ಕಾಲು
ಮೂಟೆ ಹೊತ್ತು ಬಸ್ಸು ಹತ್ತುವವರಂತೆ,
ಮೊದಲು ನಿಟ್ಟುಸಿರು, ಆಮೇಲೆ ಹೆಜ್ಜೆ.
ಬೋನಿಫೇಸನ ಮೈಕಿಗೆ ಆಕ್ಸನ್ ನಿಂತ,
ಹೊಸ ಹಲ್ಲುಸೆಟ್ಟು,
'ಸ' ಬಂದಲ್ಲೆಲ್ಲ ಒಂದು ಪುಟ್ಟ ಸಿಳ್ಳೆ.

ಭಾನುವಾರ ಮೂವರೂ ಬಂದರು, ಚರ್ಚಿನ ಕೋಟಿನಲ್ಲೇ.
ಜೊತೆಗೆ ಎವರಿಸ್ಟೊನ ಮೊಮ್ಮಗಳು ಲುಷೊಮೊ. ಒಂಬತ್ತು ವರ್ಷ.
ತಟ್ಟೆ ಕಂಡದ್ದೇ ಈಗ.
ನಾನೇ ಇಳಿಸುತ್ತೇನೆ ಎಂದು ಹಟ ಹಿಡಿದು
ಮುಳ್ಳು ಇಳಿಸಿದಳು.

ಬಂದದ್ದು ಹುಡುಗರು!

ಮೀಸೆ ಇನ್ನೂ ಬಲಿಯದ ಗಿಟಾರು,
ಮೆಟ್ಟಿಲನ್ನು ಎರಡೆರಡಾಗಿ ಹಾರುವ ಡ್ರಮ್ಮು,
ಮತ್ತೆ, ದೇವರೇ, ಆ ಕೊರಳು.
ಹಾಡಿದ್ದು ಆಕ್ಸನ್.
ಕೇಳಿಸಿದ್ದು ಬೋನಿಫೇಸ್,
ಸಂಬಳದ ದಿನ ಮಿಂದು, ಅಂಗಿ ಇಸ್ತ್ರಿ ಮಾಡಿಸಿ ಬಂದ ಬೋನಿಫೇಸ್.
ಆಕ್ಸನ್ ಬಾಯಿಗೆ ಕೈ ಅಡ್ಡ ಹಿಡಿದ,
ಹಲ್ಲು ಬೀಳುತ್ತದೋ ಎಂಬಂತೆ.

ಗುಂಡಿ ನಲವತ್ತೈದರ ಮೇಲಿತ್ತು.
ನನಗೆ ಮೊದಲ ಸುತ್ತಿಗೇ ಗೊತ್ತಾಗಿತ್ತು.
ಹೇಳಲಿಲ್ಲ.

ಒಂದು ಹಾಡು ಪೂರ್ತಿ ಹಾಗೇ ಓಡಿತು.
ಎರಡನೆಯದರ ನಡುವೆ ವೆಡ್ಸನ್ ಕೆಮ್ಮಿದ,
"ಇಷ್ಟು ಬಿರುಸಾಗಿ ಬಾರಿಸಿದ್ದರೆ
ಎವರಿಸ್ಟೊನನ್ನು ಆ ಕ್ಲಬ್ಬಿನಿಂದಲೇ ಹೊರಬೇಕಿತ್ತು."
ನಗು. ಎಲ್ಲರಿಗಿಂತ ಜೋರಾಗಿ ಎವರಿಸ್ಟೊ,
ಕರವಸ್ತ್ರದಲ್ಲಿ ಮೂಗು ಒರೆಸುತ್ತ, ಬಹಳ ಹೊತ್ತು.

ಗುಂಡಿ ತಿರುಗಿಸಿದೆ.
ಮೂವತ್ತಮೂರರಲ್ಲಿ ಬಂದವರು ಇವರೇ.
ನಿಟ್ಟುಸಿರು, ಹೆಜ್ಜೆ. ಸಿಳ್ಳೆ.
ಗಟ್ಟಿ ಅಂಬಲಿಯ ಹಾಗೆ ನಿಧಾನ ಕುದಿಯುವ ಗಿಟಾರು.
ಲುಷೊಮೊ ಮುಖ ಸಿಂಡರಿಸಿದಳು: "ಮೊದಲಿನದೇ ಹಾಕಿ."
ಯಾರೂ ಉತ್ತರ ಕೊಡಲಿಲ್ಲ,

ಕರೆಂಟು ಹೋಯಿತು.
ಪಟ್ಟಿಯಲ್ಲಿ ಹಾಕಿದ್ದಕ್ಕಿಂತ ಹತ್ತು ನಿಮಿಷ ಮುಂಚೆ.
ಕೆಪಾಸಿಟರಿನಲ್ಲಿ ಉಳಿದ ಚೂರುಪಾರು ತಿಂದು
ಹಾಡು ಎಳೆಯಿತು, ಇನ್ನೂ ಮುದಿಯಾಯಿತು,
ಕೆಸರಲ್ಲಿ ಹೂತ ಅದಿರು ಲಾರಿಯಂತೆ ನಿಂತಿತು.

ಹುಡುಗಿ ಸುಮ್ಮನಿರದೆ ಬೆರಳಿಟ್ಟು ತಟ್ಟೆ ತಿರುಗಿಸಿದಳು.
ಸ್ಪೀಕರಿಗೆ ಜೀವವಿಲ್ಲ, ಆದರೂ ಮುಳ್ಳಿನ ತುದಿಯಲ್ಲೇ
ಸೊಳ್ಳೆಯಷ್ಟು ದನಿ.
ಮೂರು ನರೆತ ತಲೆ ಬಾಗಿದವು.
ಬಂಡೆ ಸಿಡಿಸಿ ಸಿಡಿಸಿ ಎಡಗಿವಿ ಕಳಕೊಂಡ ವೆಡ್ಸನ್
ಕೋಟಿನ ಗುಂಡಿ ತಾಗದಂತೆ ಹಿಡಿದು
ಬಲಗಿವಿ ತಂದಿಟ್ಟ, ತಟ್ಟೆಯ ಹತ್ತಿರ ಹತ್ತಿರ:

"ನಿಧಾನ, ಮಗಳೇ. ಇನ್ನೂ ನಿಧಾನ.
ಹಾಂ, ಹಾಗೆ.
ಎವರಿಸ್ಟೊ, ಇಲ್ಲಿ ಕೇಳು,
ಇಲ್ಲೊಂದು ಪೆಟ್ಟು ತಪ್ಪಿದ್ದೀಯ."