ಹಳದಿಯ ಅಳತೆ

ಸುತ್ತೋಲೆಗೆ ಹನ್ನೊಂದು ಪುಟ.
ಇನ್ನು ಮುಂದೆ ನೋಂದಣಿ ಇಲ್ಲದವರು ನೀರು ಪರೀಕ್ಷಿಸುವಂತಿಲ್ಲ,
ಹೋಟೆಲ್ಲಿನ ಅಡುಗೆಮನೆ ಹೊಗುವಂತಿಲ್ಲ,
ಬಾವಿಯ ಗೋಡೆಗೆ ಕೆಂಪಕ್ಷರದಲ್ಲಿ
ಕುಡಿಯಲು ಯೋಗ್ಯವಲ್ಲ ಎಂದು ಬರೆಸುವಂತಿಲ್ಲ.
ಲಿಖಿತ ನೂರು, ಪ್ರಾಯೋಗಿಕ ಐವತ್ತು,
ಮೂರು ವರ್ಷಕ್ಕೊಮ್ಮೆ ನವೀಕರಣ, ಶುಲ್ಕ ಬೇರೆ.
(ಹನ್ನೆರಡು ವರ್ಷ ಹಳೆಯವರಿಗೆ ವಿನಾಯಿತಿ ಉಂಟು.
ನಾನು ಆ ಸಾಲಿನಲ್ಲಿ ಪಾರಾದವಳು.)

ಬಾಗಲಕೋಟೆ ನವನಗರ, ತರಬೇತಿ ಕೇಂದ್ರ, ಮೂರನೇ ಕೋಣೆ.
ಮೇಜಿನ ಮೇಲೆ ಹತ್ತು ಗಾಜಿನ ನಳಿಕೆ.
ಕ್ರಮಸಂಖ್ಯೆ ನಲವತ್ತೇಳು:
ದಾವಲಸಾಬ ರಂಗರೇಜ, ಇಳಕಲ್ಲ ನಗರಸಭೆ, ವಯಸ್ಸು ಐವತ್ತೇಳು.
ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.
"ಅಕ್ಕಾರ, ನೀವಽ ಏನ್ರಿ ಪರೀಕ್ಷಾ ಮಾಡೂದು?"

ನನ್ನ ಮೊದಲ ನೌಕರಿ ಅವನ ಊರಲ್ಲಿ.
ಸೈಕಲ್ಲಿನ ಕ್ಯಾರಿಯರಿನಲ್ಲಿ ಬ್ಲೀಚಿಂಗ್ ಪುಡಿಯ ಚೀಲ,
ಅಂಗಿಯ ಜೇಬಿನಲ್ಲಿ ಪುಟ್ಟ ಡೈರಿ.
ಅವರಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ ಮನುಷ್ಯ;
ದಡಿಯ ಕೆಂಪಿಗೂ ಸೆರಗಿನ ಕೆಂಪಿಗೂ ನಡುವೆ
ಇನ್ನೊಂದು ಕೆಂಪು ಇದೆಯೆಂದು ಮಗ ತೋರಿಸಿದ್ದ.
ನನಗೆ ಕಂಡಿರಲಿಲ್ಲ. ಹೂಂ ಅಂದಿದ್ದೆ.
ನಳದ ನೀರಿಗೆ ಎರಡು ಹನಿ ದ್ರಾವಣ ಬಿಟ್ಟು ಕಲಿಸಿದ್ದ:
"ಕಡ್ಲಿಹಿಟ್ಟಿನ ಹಳದಿ ಬಂತಂದ್ರ ಪುಡಿ ಹೆಚ್ಚಾತು.
ನಿಂಬಿ ಸಿಪ್ಪಿ ಒಳಮೈ ಇರತೈತಲ್ಲ, ಅಷ್ಟು ಹಳದಿ ಸಾಕು.
ಹಳದಿನಽ ಇಲ್ಲಂದ್ರ ಮಾತಾಡಬ್ಯಾಡ್ರಿ,
ಟಾಕಿ ಕಡೆ ಓಡ್ರಿ."

ಬೆಳಗಿನ ಲಿಖಿತದಲ್ಲಿ ಹೇಗೋ ದಡ ಸೇರಿದ್ದಾನೆ.
ಹದಿನಾರನೇ ಪ್ರಶ್ನೆಗೆ ಉತ್ತರದ ಬದಲು ಒಂದು ವಾಲ್ವಿನ ಚಿತ್ರ,
ಬಾಣದ ಗುರುತು, ಪಕ್ಕಕ್ಕೆ:
ಎಡಕ್ಕ ತಿರುವೂದನ್ನ ಬಲಕ್ಕ ತಿರುವಿ ಮುರದಾರ.
ಅರ್ಧ ಅಂಕ ಕೊಟ್ಟೆ. ಕೊಡುವಂತಿರಲಿಲ್ಲ.

ಮೊದಲ ನಳಿಕೆ ಸರಿ. ಎರಡನೆಯದೂ ಹತ್ತಿರ.
ಮೂರನೆಯದನ್ನು ಕಿಟಕಿಗೆ ಹಿಡಿದ,
ಒಣಗಿದ ಲಡಿ ಬೆಳಕಿಗೆ ಹಿಡಿದು ನೋಡುವವರ ಹಾಗೆ.
"ಪಾಯಿಂಟ್ ಎರಡು. ನಿಂಬಿ ಸಿಪ್ಪಿ."

ಅದರಲ್ಲಿ ಇದ್ದದ್ದು ಬಟ್ಟಿ ಇಳಿಸಿದ ನೀರು.
ಬೇರೇನೂ ಇರಲಿಲ್ಲ.

ಬೇರೆ ನಳಿಕೆ ತೊಳೆದು ಅದೇ ನೀರು ತುಂಬಿ ಕೊಟ್ಟೆ.
"ಇದೂ ಅಷ್ಟಽ ಐತ್ರಿ."
ವಯಸ್ಸಾದಂತೆ ಕಣ್ಣಿನ ಮಸೂರವೂ
ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಹಾಗೆ ಹಳದಿಗಟ್ಟುತ್ತದೆ,
ಒಳಗಿದ್ದು ನೋಡುವವನಿಗೆ ತಿಳಿಯುವುದಿಲ್ಲ.
ಓದಿದ್ದೆ. ಯಾವುದೋ ಪಾಠದ ಕೊನೆಗೆ, ಸಣ್ಣಕ್ಷರದಲ್ಲಿ.

ಹೋದ ಆಷಾಢದಲ್ಲಿ ಅವನ ಪಾಳಿಯ ಒಂದು ಓಣಿ.
ಮೂವತ್ತೊಂದು ಜನ ಸಲಾಯಿನ್ ಹಾಕಿಸಿಕೊಂಡರು,
ಮನೆಗೆ ಮರಳಿದವರು ಮೂವತ್ತು.
ಪೈಪು ಒಡೆದಿತ್ತು, ವರದಿ ಹಾಗೆಯೇ ಹೇಳಿತು, ಅದು ನಿಜ.
ರಿಜಿಸ್ಟರಿನಲ್ಲಿ ಆ ವಾರವಿಡೀ
ದುಂಡನೆಯ ಅಕ್ಷರ, ದಿನಾ ಒಂದೇ:
ಪಾಯಿಂಟ್ ಎರಡು, ಪಾಯಿಂಟ್ ಎರಡು.

ನಾನು ಪೆನ್ನು ಹಿಡಿದು ಕೂತೇ ಇದ್ದೆ.
ನೀರಿನಲ್ಲಿ ಕಾಣದ್ದು ನನ್ನ ಮುಖದಲ್ಲಿ ಕಂಡಿತು ಅವನಿಗೆ.
"ಹಳದಿ ಇಲ್ಲೇನ್ರಿ ಇದರಾಗ?"
"ಇಲ್ಲ ಕಾಕಾ."

ನಳಿಕೆಯನ್ನು ಸಪ್ಪಳವಾಗದಂತೆ ಸ್ಟ್ಯಾಂಡಿಗೆ ಇಳಿಸಿದ.
ವಾದಿಸಲಿಲ್ಲ, ಸೇವೆಯ ವರ್ಷ ಎಣಿಸಲಿಲ್ಲ.
"ಯಾವಾಗಿಂದ ಅಂತ ಹೆಂಗ ತಿಳೀಬೇಕ್ರಿ?" ಅಂದ.

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಅರ್ಹ, ಅನರ್ಹ, ಷರಾ.
ಷರಾದಲ್ಲಿ ಬರೆದೆ: ನೇತ್ರ ತಪಾಸಣೆಯ ನಂತರ ಮರುಪರೀಕ್ಷೆ.
ಸಿಕ್ಕಾ ಒತ್ತಿದೆ. ಸರಿಯಾಗಿ ಬೀಳಲಿಲ್ಲ, ಮತ್ತೊಮ್ಮೆ ಒತ್ತಿದೆ.

ನಲವತ್ತೆಂಟು ಎಂದು ಜವಾನ ಕೂಗಿದ.
ಹುಡುಗಿಯೊಬ್ಬಳು ಬಂದಳು, ಹೊಸ ಏಪ್ರನ್ನು, ಮಡಿಕೆ ಇನ್ನೂ ಬಿಟ್ಟಿಲ್ಲ.
ಅವಳು ನಳಿಕೆ ಎತ್ತುವಾಗ ಅವಳ ಭುಜದಾಚೆ ಕಂಡದ್ದು:
ಪಡಸಾಲೆಯ ಬೆಂಚು, ಬಿಚ್ಚಿದ ಡೈರಿ,
ಉಗುಳು ಹಚ್ಚಿದ ಬೆರಳು
ಕೊನೆಯ ಪುಟದಿಂದ ಹಿಂದಕ್ಕೆ,
ಇನ್ನೂ ಹಿಂದಕ್ಕೆ.